ಇಪ್ಪತ್ತೆಂಟು ಜೇಬಿನ ಶಿಕಾರಿ

ಕಾಡಿನ ಟರ್ಕಿ ಕೋಳಿಗೆ ವಾಸನೆಯ ಗೊಡವೆ ಕಡಿಮೆ. ನೀವು ಬೆಳ್ಳುಳ್ಳಿ ಚಟ್ನಿಯನ್ನು ಮೈಗೆ ಬಳಿದುಕೊಂಡು ಕೂತರೂ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಅದರ ಆಸ್ತಿಯೆಲ್ಲ ಕಣ್ಣು. ತಲೆಯ ಎರಡು ಪಕ್ಕದಲ್ಲಿರುವ ಆ ಕಣ್ಣುಗಳಿಗೆ ಕತ್ತು ಹೊರಳಿಸದೆಯೇ ಸುಮಾರು 270 ಡಿಗ್ರಿ ಕಾಣುತ್ತದೆ, ಬಣ್ಣವೂ ತಿಳಿಯುತ್ತದೆ. ಜಿಂಕೆಯಾದರೆ ಏನೋ ಅಲುಗಿತೆಂದು ಅನುಮಾನ ಬಂದಾಗ ಕಾಲು ನೆಲಕ್ಕೆ ಬಡಿದು, ಮೂಗೆತ್ತಿ, ಇನ್ನೊಮ್ಮೆ ನೋಡಿ, ವಿಚಾರಣೆಗೆ ಒಂದಿಷ್ಟು ಕಾಲಾವಕಾಶ ಕೊಡುತ್ತದೆ. ಟರ್ಕಿಯ ನ್ಯಾಯಾಲಯದಲ್ಲಿ ವಾಯಿದೆ ಇಲ್ಲ. ನಿಮ್ಮ ಬೆರಳು ಅಲುಗಿತೋ, ಕೋಳಿ ಅಲ್ಲಿಲ್ಲ.

ಹೀಗಾಗಿ ಈ ಶಿಕಾರಿಯಲ್ಲಿ ಗುರಿ ಇಡುವುದಕ್ಕಿಂತ ದೊಡ್ಡ ವಿದ್ಯೆ ಸುಮ್ಮನೆ ಕೂರುವುದು. ಸುಮ್ಮನೆ ಕೂತವನಿಗೆ ಬೇಕಾದ್ದು ಕೈ ಹಾಕಿದಲ್ಲೇ ಸಿಗಬೇಕು. ಸಿಗಬೇಕಾದರೆ ಯಾವುದು ಎಲ್ಲಿದೆಯೆಂದು ಗೊತ್ತಿರಬೇಕು. ನನಗೋ, ನನ್ನ ಕನ್ನಡಕ ಎಲ್ಲಿದೆಯೆಂದು ಹಗಲು ಹೊತ್ತಿನಲ್ಲಿ, ಮನೆಯೊಳಗೇ ಗೊತ್ತಿರುವುದಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಹೊಟ್ಟೆಪಾಡು ಕರೆದುಕೊಂಡು ಬಂದು ಬಿಟ್ಟದ್ದು ಅಮೆರಿಕದ ಮಿಸೌರಿಯಲ್ಲಿ. ನಾನು ಹುಟ್ಟುವ ಮೊದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಹಾಗಾಗಿ ನನ್ನ ಶಿಕಾರಿ ಜ್ಞಾನವೆಂದರೆ ಮುದುಕರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಳ್ಳುತ್ತಿದ್ದ ಕಾಡುಹಂದಿ, ಮತ್ತು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್. ಆ ಪುಸ್ತಕಗಳನ್ನು ಓದಿದ ಹುಡುಗನಿಗೆ ಮರಸು ಕೂರುವುದೆಂದರೆ ಒಂದು ಕೋವಿ, ಒಂದು ಟಾರ್ಚು, ಒಂದಿಷ್ಟು ಚಹಾ, ಕೆಳಗೆ ಹುಲಿ. ಹೊರೆಯ ಪ್ರಶ್ನೆಯೇ ತಲೆಗೆ ಬಂದಿರಲಿಲ್ಲ. ಎಂಟು ಹತ್ತು ಕಿಲೋ ತೂಗುವ ಒಂದು ಕೋಳಿಗೆ ಇಷ್ಟೆಲ್ಲ ಬೇಕು ಎಂದು ಯಾರು ಊಹಿಸುತ್ತಾರೆ?

ಈ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಯಜಮಾನರು. ವಯಸ್ಸು ಎಪ್ಪತ್ತು ದಾಟಿದೆ, ಮಾತು ಅಷ್ಟಕ್ಕಷ್ಟೇ. ನಮ್ಮ ಬೇಲಿಯಾಚೆ ಕೂತು ಸಂಜೆ ಹೊತ್ತು ಒಂದು ಸ್ಲೇಟಿನ ಬಿಲ್ಲೆಗೆ ಕಡ್ಡಿ ಉಜ್ಜಿ ಹೆಣ್ಣು ಕೋಳಿಯ ಸ್ವರ ತೆಗೆಯುತ್ತಿದ್ದರು. ವಸಂತದಲ್ಲಿ ಹುಂಜ ಗುಳುಗುಳು ಎಂದು ಕೂಗುತ್ತದೆ, ಹೇಂಟೆ ಅದನ್ನು ಹುಡುಕಿಕೊಂಡು ಹೋಗುತ್ತದೆ. ಅದು ಕಾಡಿನ ಪದ್ಧತಿ. ಶಿಕಾರಿಯವನು ಹೇಂಟೆಯ ಹಾಗೆ ಕೂಗಿ, 'ಬೇಕಾದರೆ ನೀನೇ ಬಾ' ಎಂದು ಪದ್ಧತಿಯನ್ನೇ ತಿರುಗಿಸುತ್ತಾನೆ. ಹುಂಜನಿಗೆ ಅಷ್ಟು ಸುಲಭದಲ್ಲಿ ಇದು ಒಪ್ಪಿಗೆಯಾಗುವುದಿಲ್ಲ. ನನಗೆ ಮಾತ್ರ ತಕ್ಷಣ ಒಪ್ಪಿಗೆಯಾಯಿತು.

ಹಿಂದಿನ ಶತಮಾನದ ಆರಂಭದಲ್ಲಿ ಈ ಹಕ್ಕಿ ಅಮೆರಿಕದ ಬಹುಭಾಗದಲ್ಲಿ ನಿರ್ನಾಮದ ಅಂಚಿಗೆ ಬಂದಿತ್ತಂತೆ. ಒಂದು ಕಡೆಯಿಂದ ಬಲೆ ಹಾಕಿ ಹಿಡಿದು ಇನ್ನೊಂದು ಕಾಡಿಗೆ ಬಿಟ್ಟು, ಬೆಳೆಸಿ, ಮಿಸೌರಿಯಲ್ಲಿ 1960ರಲ್ಲಿ ಮತ್ತೆ ವಸಂತದ ಶಿಕಾರಿ ಶುರುಮಾಡಿದರು. ಈಗಲೂ ಲೆಕ್ಕಾಚಾರ ಬಿಗಿ. ವಸಂತ ಕಾಲಕ್ಕೆ ಒಬ್ಬನಿಗೆ ಎರಡೇ ಹಕ್ಕಿ, ಅವೂ ಎದೆಯಲ್ಲಿ ಗಡ್ಡ ಬಂದಿರುವಂಥವು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರು, ಸರ್ಕಾರಿ ಕಾಡಿನಲ್ಲಿ ಮಧ್ಯಾಹ್ನ 1ಕ್ಕೆ ಮುಕ್ತಾಯ. 1967ರಲ್ಲಿ ಅಥವಾ ಆಮೇಲೆ ಹುಟ್ಟಿದವನಾದರೆ ಮೊದಲು ತರಗತಿಗೆ ಕೂತು ಪರೀಕ್ಷೆ ಪಾಸು ಮಾಡಬೇಕು. ಪಾಸು ಮಾಡಿದೆ. ಪರೀಕ್ಷೆ ನಮ್ಮವರಿಗೆ ಒಂದು ಕಷ್ಟವೇ? ಆದರೆ ಆ ತರಗತಿಯಲ್ಲಿ ಕೋವಿ ಹಿಡಿಯುವುದನ್ನು ಕಲಿಸಿದರೇ ಹೊರತು ಉಳಿದ ಸಾಮಾನು ಎಲ್ಲಿಟ್ಟುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ.

ಆ ಸಾಮಾನು ಏನೇನು? ಕೂಗಲು ಸ್ಲೇಟಿನ ಬಿಲ್ಲೆ, ಅದಕ್ಕೆ ಒಂದೆರಡು ಕಡ್ಡಿ, ಸ್ಲೇಟು ನುಣುಪಾದರೆ ಉಜ್ಜಲು ಮರಳುಕಾಗದ. ಮರದ ಪುಟ್ಟ ಪೆಟ್ಟಿಗೆಯ ಬಾಕ್ಸ್ ಕಾಲ್. ಅದರ ಮುಚ್ಚಳ ಅಂಚಿಗೆ ತೀಡಿದರೆ ಹೇಂಟೆ ಕೂಗುತ್ತದೆ, ಒದ್ದೆಯಾದರೆ ಕೂಗುವುದಿಲ್ಲ. ಅದಕ್ಕೆ ಸೀಮೆಸುಣ್ಣ, ಮಳೆ ಬಂದರೆ ಪ್ಲಾಸ್ಟಿಕ್ ಕವರು. ಕುದುರೆ ಲಾಳದ ಆಕಾರದ ಡಯಾಫ್ರಮ್, ಅಂಗುಳಿಗೆ ಒತ್ತಿಟ್ಟುಕೊಂಡು ಊದುವುದು. ನಸುಕಿನಲ್ಲಿ ಗೂಬೆಯ ಸ್ವರ ಹೊರಡಿಸಲು ಒಂದು ಕೊಳವೆ. ಗೂಬೆ ಕೂಗಿದರೆ ಮರದ ಮೇಲೆ ಮಲಗಿರುವ ಹುಂಜ ರೇಗಿ ತಿರುಗಿ ಕೂಗುತ್ತದೆ, ಆಗ ಅದು ಎಲ್ಲಿದೆಯೆಂದು ಗೊತ್ತಾಗುತ್ತದೆ. ಅಂಗಡಿಯವರು ಇದಕ್ಕೆ ಏನೇ ಹೆಸರಿಡಲಿ, ನಮ್ಮ ಮನೆಯಲ್ಲಿ ಅದು 'ಗೂಬೆ'. ಇನ್ನು ಮುಖಗವಸು, ಕೈಗವಸು, ಮಡಚುವ ರಬ್ಬರಿನ ಹೇಂಟೆ, ಅದನ್ನು ನೆಲಕ್ಕೆ ಊರಲು ಕಡ್ಡಿ, ಕೂರಲು ದಿಂಬು, ರೆಂಬೆ ಕತ್ತರಿಸಲು ಕತ್ತರಿ, ಟಾರ್ಚು, ದಿಕ್ಸೂಚಿ, ನೀರು, ತೋಟಾ. ಬಿದ್ದ ಹಕ್ಕಿಯನ್ನು ಹೊತ್ತು ತರುವಾಗ ಸುತ್ತಲು ಕಿತ್ತಳೆ ಬಣ್ಣದ ಬಟ್ಟೆ. ಇಲ್ಲದಿದ್ದರೆ ನಿಮ್ಮ ಬೆನ್ನ ಮೇಲಿನ ಕೋಳಿಯನ್ನು ಜೀವಂತ ಕೋಳಿಯೆಂದು ಇನ್ನೊಬ್ಬ ಈಡು ಹೊಡೆದಾನು.

ಉಣುಗಿನ ಔಷಧಿಯೂ ಬೇಕು. ಈ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗಿನಿಂದ ನಮ್ಮ ಜಿಲ್ಲೆಯವರು ಉಣುಗನ್ನು ಪೊಲೀಸರಿಗಿಂತ ಹೆಚ್ಚು ಗೌರವದಿಂದ ಕಾಣುತ್ತೇವೆ. ಮಿಸೌರಿಯ ಒಂದು ಜಾತಿಯ ಉಣುಗು ಕಚ್ಚಿದರೆ ಕೆಲವರಿಗೆ ಕುರಿ, ದನ, ಹಂದಿಯ ಮಾಂಸವೇ ಜನ್ಮಕ್ಕೆ ಆಗಿಬರದಂತಾಗುತ್ತದೆ. ಕೋಳಿ ಮಾತ್ರ ತಿನ್ನಬಹುದು. ಅಂದರೆ ಟರ್ಕಿ ಶಿಕಾರಿಗೆ ಹೋದವನನ್ನು ಕಾಡು ಆಜೀವ ಟರ್ಕಿಗೇ ಗಂಟು ಹಾಕಿಬಿಡಬಹುದು.

ಇಷ್ಟನ್ನು ಹೊರುವುದಕ್ಕೆ ಲೋಕದಲ್ಲಿ ಮೂರು ಮತಗಳಿವೆ. ಬೆನ್ನಚೀಲದವರು, ಸೊಂಟಚೀಲದವರು, ಜೇಬಿನಂಗಿಯವರು. ಒಂದು ಮತದವರು ಇನ್ನೊಂದು ಮತದವರ ಜತೆ ಬೆಂಕಿಯ ಮುಂದೆ ಕೂತು ಉಣ್ಣುತ್ತಾರೆ, ಆದರೆ ಮನಸ್ಸಿನಲ್ಲಿ ಕನಿಕರ ಪಡುತ್ತಾರೆ. ನಾನು ಮೂರಕ್ಕೂ ದೀಕ್ಷೆ ತೆಗೆದುಕೊಂಡೆ.

ಮೊದಲು ಬೆನ್ನಚೀಲ, ಮನೆಯಲ್ಲೇ ಇತ್ತು, ಲ್ಯಾಪ್‌ಟಾಪಿನದು. ಅದರ ದೋಷ ಸರಳ. ಮರಕ್ಕೆ ಒರಗಿ ಕೂರಬೇಕಾದರೆ ಅದನ್ನು ಕಳಚಬೇಕು. ಕಳಚಿ ಪಕ್ಕಕ್ಕಿಟ್ಟರೆ ಬೇಕಾದ್ದು ಪಕ್ಕದಲ್ಲಿದೆ, ಕೈ ಚಾಚಬೇಕು, ಜಿಪ್ ಎಳೆಯಬೇಕು. ಆ ಜಿಪ್ಪಿನ ಸದ್ದು ಆಫೀಸಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಕಾಡಿನಲ್ಲಿ ಕಣಿವೆಯ ಆಚೆ ದಂಡೆಗೂ ಕೇಳಿಸಿತು. ಸೊಂಟಚೀಲ ಇನ್ನೊಂದು ಬಗೆ. ಅದು ನಡೆಯುವಾಗ ಹಿಂದಿರಬೇಕು, ಕೂತಾಗ ಮುಂದೆ ಬರಬೇಕು. ನನ್ನ ಹೊಟ್ಟೆಯ ಮೇಲೆ ಅದು ತನಗೆ ತೋಚಿದ ಕಡೆ ತಿರುಗಿ, ಪ್ಯಾಂಟನ್ನೂ ಜತೆಗೆ ಕರೆದುಕೊಂಡು ಇಳಿಯಿತು. ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ತೊರೆ ದಾಟುವುದು ಹೇಗೆಂದು ನನ್ನನ್ನು ಕೇಳಬಹುದು.

ಕೊನೆಗೆ ಪಟ್ಟಣದಂಚಿನ ದೊಡ್ಡ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಮುಖ ನೋಡಿದವನೇ ಹಿಂದಿನ ಸಾಲಿನಿಂದ ಒಂದು ಜೇಬಿನಂಗಿ ತಂದ. ಎಲೆಯ ಚಿತ್ತಾರ, ತೋಳಿಲ್ಲ, ಹಿಂದೆ ಹಕ್ಕಿ ಹಾಕಲು ದೊಡ್ಡ ಚೀಲ, ಕೆಳಗೆ ಪಟ್ಟಿ ಬಿಚ್ಚಿದರೆ ಇಳಿಯುವ ದಿಂಬು. "ಇಪ್ಪತ್ತೆಂಟು ಜೇಬು ಸರ್," ಎಂದ. ಒಂದೊಂದನ್ನೂ ಎಳೆದು ತೋರಿಸಿದ. ಇಪ್ಪತ್ತೊಂದನೆಯ ಜೇಬಿನೊಳಗೆ ಇನ್ನೊಂದು ಜೇಬಿತ್ತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮನೆಯಲ್ಲಿ ಇವಳು ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ರೀ, ಬರೋ ಸಂಬಳ ಇಡೋಕೆ ಒಂದು ಜೇಬೇ ಹೆಚ್ಚು. ಉಳಿದ ಇಪ್ಪತ್ತೇಳು ಯಾಕೆ?"

"ಇದರ ತೆರಿಗೆ ಕಾಡು ಉಳಿಸೋಕೆ ಹೋಗುತ್ತೆ ಕಣೇ," ಎಂದೆ. ಸುಳ್ಳಲ್ಲ. 1976ರಲ್ಲಿ ಮಿಸೌರಿಯ ಜನ ಮತ ಹಾಕಿ, ಶೇಕಡಾ ಒಂದರ ಎಂಟನೇ ಒಂದು ಭಾಗದಷ್ಟು ಮಾರಾಟ ತೆರಿಗೆಯನ್ನು ಸಂರಕ್ಷಣಾ ಇಲಾಖೆಗೆ ಬಿಟ್ಟುಕೊಟ್ಟಿದ್ದಾರೆ.

"ನೂರು ಡಾಲರಿಗೆ ಎಷ್ಟು ಹೋಗುತ್ತೆ?"

"ಹನ್ನೆರಡೂವರೆ ಸೆಂಟು."

"ಅಷ್ಟನ್ನ ಅವರಿಗೇ ನೇರ ಕೊಟ್ಟು ಸುಮ್ಮನೆ ಮನೇಲಿ ಇರಬಹುದಿತ್ತಲ್ಲ."

ಲೆಕ್ಕ ಗೊತ್ತಿರುವ ಹೆಂಡತಿಯ ಜತೆ ಅರಣ್ಯ ಸಂರಕ್ಷಣೆ ಕಷ್ಟ.

ನಾನು ಸಾಫ್ಟ್‌ವೇರ್ ಜನ. ಜೇಬುಗಳಿಗೆ ನಂಬರು ಕೊಟ್ಟು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ. ಯಾವ ಸಾಮಾನು, ಯಾವ ಜೇಬು, ಯಾವ ಕೈ. ಅಚ್ಚು ತೆಗೆದು ಲ್ಯಾಮಿನೇಟ್ ಮಾಡಿಸಿ ಒಂದು ಜೇಬಿನಲ್ಲಿಟ್ಟೆ. ಯಾವ ಜೇಬಿನಲ್ಲಿ ಎಂಬುದು ಆ ಪಟ್ಟಿಯಲ್ಲಿತ್ತು. ತೋಟಾ ಬೆಲೆಬಾಳುವ ವಸ್ತುವಾದ್ದರಿಂದ ಎಲ್ಲಕ್ಕಿಂತ ಭದ್ರವಾದ ಇಪ್ಪತ್ತಾರಕ್ಕೆ ಹಾಕಿದೆ. ಅದು ಹಿಂದೆ, ಸೊಂಟದ ಮೇಲೆ, ವೆಲ್ಕ್ರೊ ಪಟ್ಟಿಯ ಕೆಳಗೆ. ಇವಳು ಚಪಾತಿಯ ಸುರುಳಿ, ಪುಟ್ಟ ಡಬ್ಬಿಯಲ್ಲಿ ಊರಿಂದ ಬಂದ ಅಪ್ಪೆಮಿಡಿ, ಒಂದು ಪೊಟ್ಟಣ ಚಕ್ಕುಲಿ ಕಟ್ಟಿಕೊಟ್ಟಳು. ಪಟ್ಟಿಯಲ್ಲಿ ಊಟಕ್ಕೆ ಜಾಗ ಬಿಟ್ಟಿರಲಿಲ್ಲ. ಖಾಲಿ ಕಂಡಲ್ಲಿ ತುರುಕಿದೆ. ಹೊರಟು ನಿಂತಾಗ ಬಾಗಿಲಲ್ಲಿ ಅಡ್ಡ ತಿರುಗಬೇಕಾಯಿತು.

"ಶಿಕಾರಿಗೋ, ಕಾಶಿಗೋ?" ಎಂದಳು.

ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯ ಮಿಸೌರಿಯ ದಕ್ಷಿಣ ಭಾಗದಲ್ಲಿ ತುಂಡುತುಂಡಾಗಿ ಹರಡಿಕೊಂಡು ಸುಮಾರು 15 ಲಕ್ಷ ಎಕರೆಯಿದೆ. ಓಕ್ ಮತ್ತು ಹಿಕರಿ ಮರಗಳ ಗುಡ್ಡಗಳು. ಏಪ್ರಿಲ್ ಕೊನೆಯ ನಸುಕಿನಲ್ಲಿ ಯಜಮಾನರ ಗಾಡಿ ಅಲ್ಲಿ ನಿಂತಾಗ ಕೈಗೆ ಕೈ ಕಾಣದ ಕತ್ತಲು. ಅವರು ಟಾರ್ಚು ಬಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಏನೂ ಹೇಳಲಿಲ್ಲ. ಆದರೆ ಚಪಾತಿ ಸುತ್ತಿದ್ದ ಕೆಂಪು ಬಟ್ಟೆಯ ತುದಿ ಜೇಬಿನಿಂದ ಇಣುಕುತ್ತಿದ್ದದ್ದನ್ನು ಕಂಡದ್ದೇ ಅವರ ಮುಖ ಬದಲಾಯಿತು. ಬಟ್ಟೆಯನ್ನು ಮಾತ್ರ ಎಳೆದು ತೆಗೆದು ಗಾಡಿಯ ಸೀಟಿನ ಕೆಳಗೆ ಹಾಕಿದರು. "ಕೆಂಪು, ಬಿಳಿ, ನೀಲಿ ಈ ಕಾಡಿಗೆ ತರಬೇಡ. ವಸಂತದಲ್ಲಿ ಹುಂಜದ ತಲೆಯ ಬಣ್ಣ ಅದೇ." ಆ ದಿನ ಅವರು ನಗೆಯ ಲೇಪವಿಲ್ಲದೆ ಹೇಳಿದ ಮಾತು ಅದೊಂದೇ. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಅವರ ಮೈಮೇಲಿದ್ದದ್ದು ಬಣ್ಣ ಹೋದ ಒಂದು ಕ್ಯಾನ್ವಾಸ್ ಅಂಗಿ, ನಾಲ್ಕು ಜೇಬು. ಟಾರ್ಚು ಆರಿಸಿದ ಮೇಲೂ ಅವರ ಕೈ ಹೋದಲ್ಲಿ ವಸ್ತು ಇರುತ್ತಿತ್ತು. ನಮ್ಮಜ್ಜಿಯ ಎಲೆಯಡಿಕೆ ಸಂಚಿಯ ಹಾಗೆ. ಕರೆಂಟಿಲ್ಲದ ಮಳೆಗಾಲದ ರಾತ್ರಿ ಅಜ್ಜಿ ಯಾರದೋ ಮದುವೆಯ ಕತೆ ಹೇಳುತ್ತ, ಕಣ್ಣು ಕತೆಯಲ್ಲೇ ನೆಟ್ಟಿರುವಾಗ, ಬೆರಳು ಮಾತ್ರ ಸಂಚಿಯ ಪದರಗಳೊಳಗೆ ಇಳಿದು ಎಲೆಗೆ ಎಲೆ, ಸುಣ್ಣಕ್ಕೆ ಸುಣ್ಣ ಎತ್ತಿಕೊಂಡು ಬರುತ್ತಿತ್ತು. ನಾವು ಮೊಮ್ಮಕ್ಕಳು ಹಗಲಲ್ಲಿ ಕಳ್ಳತನಕ್ಕೆ ಕೈ ಹಾಕಿದರೂ ಸಿಗುತ್ತಿದ್ದದ್ದು ಹೊಗೆಸೊಪ್ಪಿನ ಪುಡಿ. ನನ್ನ ಎಕ್ಸೆಲ್ ಪಟ್ಟಿ ಅಜ್ಜಿಗೆ ತೋರಿಸಿದ್ದರೆ ಏನೆನ್ನುತ್ತಿದ್ದಳೋ.

ಹೊರಟೆವು. ಅವರು ಮುಂದೆ, ನಾನು ಹಿಂದೆ. ಅಂಗಿಯ ದಿಂಬು ಹೆಜ್ಜೆಗೊಮ್ಮೆ ತೊಡೆಯ ಹಿಂಭಾಗಕ್ಕೆ ಬಡಿಯುತ್ತಿತ್ತು. ಸ್ವಲ್ಪ ದೂರ ಹೋಗಿರಬೇಕು, ನನ್ನ ಎಡಕ್ಕೆ, ಬಹಳ ಹತ್ತಿರದಲ್ಲಿ, ಒಂದು ಹೇಂಟೆ ಸಣ್ಣಗೆ 'ಕ್ಯಾಂವ್' ಎಂದಿತು. ನಿಂತೆ. ಅದೂ ಸುಮ್ಮನಾಯಿತು. ನಡೆದೆ. 'ಕ್ಯಾಂವ್, ಕ್ಯಾಂವ್.' ಮತ್ತೆ ನಿಂತೆ. ಮೌನ. ಜಾಣ ಹಕ್ಕಿ, ನನ್ನ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಬರುತ್ತಿದೆ! ಓಡುನಡಿಗೆಯಲ್ಲಿ ಯಜಮಾನರನ್ನು ಹಿಡಿಯಲು ಹೋದರೆ ಅದೂ ಓಡುತ್ತ, ಒಂದೇ ಸಮ ಕೂಗುತ್ತ ಬಂತು. ಅವರ ಭುಜ ಮುಟ್ಟಿ ಪಿಸುಗುಟ್ಟಿದೆ: "ಹೇಂಟೆಯೊಂದು ನಮ್ಮ ಬೆನ್ನು ಬಿದ್ದಿದೆ."

"ಈ ಕತ್ತಲಲ್ಲಿ ಯಾವ ಹೇಂಟೆಯೂ ಮರದಿಂದ ಇಳಿದಿರುವುದಿಲ್ಲ," ಎಂದರು ಅವರು. ಆಮೇಲೆ ನನ್ನ ಎಡಜೇಬಿಗೆ ಕೈ ಹಾಕಿ ಬಾಕ್ಸ್ ಕಾಲ್ ಹೊರತೆಗೆದರು. ನಡೆದಂತೆಲ್ಲ ಅದರ ಮುಚ್ಚಳ ಅಂಚಿಗೆ ಉಜ್ಜಿ ತಾನೇ ಕೂಗುತ್ತಿತ್ತು. ಅವರ ಮಣಿಕಟ್ಟಿನಲ್ಲಿ ಒಂದು ರಬ್ಬರ್ ಬ್ಯಾಂಡ್ ಇತ್ತು, ಅದನ್ನು ಪೆಟ್ಟಿಗೆಗೆ ಬಿಗಿದು ಕೊಟ್ಟರು. ಇಪ್ಪತ್ತೆಂಟು ಜೇಬಿನಲ್ಲಿ ಎಲ್ಲೂ ಇಲ್ಲದ ವಸ್ತು ಅದೊಂದೇ ಆಗಿತ್ತು.

ಅಷ್ಟರಲ್ಲಿ ಎದುರು ಗುಡ್ಡದಿಂದ ಗುಳುಗುಳುಗುಳು ಎಂದು ಹುಂಜ ಉತ್ತರ ಕೊಟ್ಟಿತು. ವಾರಗಟ್ಟಲೆ ಗ್ಯಾರೇಜಿನಲ್ಲಿ ಕೂತು ನಾನು ತೆಗೆದ ಸ್ವರಕ್ಕೆ ಪಕ್ಕದ ಬೀದಿಯ ನಾಯಿ ಬಿಟ್ಟು ಯಾರೂ ಓಗೊಟ್ಟಿರಲಿಲ್ಲ. ಜೇಬು ತಾನೇ ತೆಗೆದ ಸ್ವರಕ್ಕೆ ಗಂಡು ಒಪ್ಪಿಬಿಟ್ಟಿತ್ತು.

ಯಜಮಾನರು ನನ್ನನ್ನು ಒಂದು ದಪ್ಪ ಓಕ್ ಮರದ ಬುಡಕ್ಕೆ ಕೂರಿಸಿ, ತಾವು ಹಿಂದೆ ನೂರು ಗಜ ದೂರ ಹೋಗಿ ಅಲ್ಲಿಂದ ಕೂಗುತ್ತೇನೆಂದರು. ಹೋಗುವ ಮುನ್ನ ಕೇಳಿದರು: "ತೋಟಾ ಇದೆಯಾ?" ಇದೆ ಎಂದೆ. ಎಲ್ಲಿದೆ ಎಂದು ಅವರು ಕೇಳಲಿಲ್ಲ.

ದಿಂಬು ಇಳಿಸಿ ಕೂತೆ, ಮರಕ್ಕೆ ಒರಗಿದೆ, ಮುಖಗವಸು ಎಳೆದುಕೊಂಡೆ. ಅವರು ಸುಮ್ಮನಿರು ಎಂದಿದ್ದರೂ ನನ್ನದೂ ಒಂದು ಸ್ವರ ಸೇರಲಿ ಎಂಬ ಆಸೆ. ಡಯಾಫ್ರಮ್ ಇದ್ದದ್ದು ಒಂಬತ್ತರಲ್ಲಿ. ಒಂಬತ್ತು ಎಂದುಕೊಂಡಲ್ಲಿ ಕೈ ಹಾಕಿದರೆ ಚಕ್ಕುಲಿ. ಅದರ ಪೊಟ್ಟಣದ ಸದ್ದಿಗೆ ನನ್ನ ಎದೆಯೇ ನಡುಗಿತು. ಪಕ್ಕದ್ದರಲ್ಲಿ ಗೂಬೆ. ಅದರ ಕೆಳಗಿನದರಲ್ಲಿ ಲಾಳದಂಥದ್ದು ಬೆರಳಿಗೆ ತಗುಲಿತು, ಯಾಕೋ ಜಿಡ್ಡುಜಿಡ್ಡು. ಕತ್ತಲಲ್ಲಿ ಅಂಗುಳಿಗೆ ಒತ್ತಿದೆ.

ಅಪ್ಪೆಮಿಡಿಯ ಡಬ್ಬಿ ಬಾಯಿ ಬಿಟ್ಟಿತ್ತು.

ಖಾರ, ಸಾಸಿವೆ, ಒಂದು ವರ್ಷ ಕಳಿತ ಉಪ್ಪುನೀರು ಒಟ್ಟಿಗೆ ಗಂಟಲಿಗೆ ಹೊಕ್ಕವು. ತಡೆದೆ. ಮನುಷ್ಯಮಾತ್ರದವನು ಎಷ್ಟು ತಡೆಯಬಹುದೋ ಅಷ್ಟು ತಡೆದೆ. ನಂತರ ಬಂದ ಕೆಮ್ಮು ಗುಡ್ಡದಿಂದ ಗುಡ್ಡಕ್ಕೆ ಹಾರಿತು. ಗುಡುಗು, ಗೂಬೆ, ಕಾರಿನ ಬಾಗಿಲು ಬಡಿದ ಸದ್ದು, ಹಠಾತ್ತಾಗಿ ಏನು ಕೇಳಿದರೂ ಈ ಋತುವಿನ ಹುಂಜ ರೇಗಿ ಕೂಗುತ್ತದೆ. ಕೆಮ್ಮಿದೆ, ಗುಳುಗುಳು. ಮತ್ತೆ ಕೆಮ್ಮಿದೆ, ಮತ್ತೆ ಗುಳುಗುಳು, ಈ ಸಲ ಹತ್ತಿರ. ಹಿಂದಿನಿಂದ ಯಜಮಾನರ ಸ್ಲೇಟು ಮೆಲ್ಲಗೆ ಕರೆಯುತ್ತಿತ್ತು. ಅದರ ಕರಾಮತ್ತನ್ನು ನಾನು ಪೂರ್ತಿ ನನ್ನ ಗಂಟಲಿನ ಲೆಕ್ಕಕ್ಕೆ ಬರೆದುಕೊಂಡೆ.

ಬೆಳಕು ಹರಿಯಿತು. ಹೊತ್ತು ಶುರುವಾಗಿತ್ತು. ಕೋವಿಗೆ ತೋಟಾ ಹಾಕಬೇಕು ಎಂದುಕೊಳ್ಳುವಾಗಲೇ ಹುಂಜ ಪೊದೆಯ ಆಚೆಯಿಂದ ಹೊರಬಂತು. ಬಾಲ ಬೀಸಣಿಗೆ, ರೆಕ್ಕೆಯ ತುದಿ ನೆಲ ತೀಡುತ್ತಿದೆ, ಮೈಯ ಕಂಚಿನ ಬಣ್ಣದ ಮೇಲೆ ಬಿಸಿಲು, ತಲೆ ಒಮ್ಮೆ ಬಿಳಿ ಒಮ್ಮೆ ನೀಲಿ. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮಗಳಿಗೆ ಬರೆದ ಕಾಗದದಲ್ಲಿ ಹದ್ದಿಗಿಂತ ಈ ಹಕ್ಕಿಯೇ ಮರ್ಯಾದಸ್ಥ, ಸ್ವಲ್ಪ ಜಂಬ, ಸ್ವಲ್ಪ ಪೆದ್ದುತನ ಇದ್ದರೂ ಧೈರ್ಯಶಾಲಿ ಎಂದಿದ್ದಾನೆ. ಧೈರ್ಯ ಮತ್ತು ಜಂಬ ಎರಡನ್ನೂ ನಾನು ಕಣ್ಣಾರೆ ಕಂಡೆ. ಪೆದ್ದುತನ ಆ ಬೆಳಿಗ್ಗೆ ಇನ್ನೊಂದು ಪಕ್ಷದ ಬಳಿ ಇತ್ತು.

ಏಕೆಂದರೆ ಇಪ್ಪತ್ತಾರನೆಯ ಜೇಬು ನನ್ನ ಬೆನ್ನಿಗೂ ಓಕ್ ಮರಕ್ಕೂ ನಡುವೆ ಸಿಕ್ಕಿಕೊಂಡಿತ್ತು.

ಹುಂಜ ಮೂವತ್ತು ಗಜದಲ್ಲಿ ನಿಂತು ಬಾಲ ಹರಡಿ ಒಂದು ಸುತ್ತು ಹಾಕಿತು. ಬಾಲ ನನ್ನ ಕಡೆಗೆ ಬಂದು ಅದರ ಕಣ್ಣು ಮರೆಯಾದಾಗ ಒಂದು ಅಂಗುಲ ಮುಂದೆ ಬಾಗಿದೆ. ತಿರುಗಿದಾಗ ಉಸಿರು ಬಿಗಿಹಿಡಿದೆ. ಇನ್ನೊಂದು ಸುತ್ತು, ಇನ್ನೊಂದು ಅಂಗುಲ. ಕಣ್ಣಲ್ಲಿ ಮಿಡಿಯ ಖಾರದ ನೀರು. ಕೈ ಹಿಂದಕ್ಕೆ ಹೋಯಿತು, ಪಟ್ಟಿ ಸಿಕ್ಕಿತು, ಎಳೆದೆ. ವೆಲ್ಕ್ರೊ ಎಂಬುದು ಮೆಲ್ಲಗೆ ಬಿಚ್ಚಿಕೊಳ್ಳುವ ಜಾತಿಯದ್ದಲ್ಲ. 'ಪರ್‌ರ್‌' ಎಂದಿತು. ಗುಡುಗಿಗೆ ಕೂಗುವ, ಕೆಮ್ಮಿಗೆ ಕೂಗುವ ಆ ಹಕ್ಕಿ ಇದಕ್ಕೆ ಕೂಗಲಿಲ್ಲ. ಒಂದೇ ಒಂದು ಸಲ 'ಪುಟ್' ಎಂದಿತು, ಬಾಲ ಮಡಚಿತು, ಆಮೇಲೆ ಆ ಜಾಗದಲ್ಲಿ ಬರೀ ತರಗೆಲೆ. ತೋಟಾ ನನ್ನ ಕೈಯಲ್ಲಿತ್ತು.

ಯಜಮಾನರು ಬಂದು ಪಕ್ಕದಲ್ಲಿ ಕೂತರು. ವಿಷಯ ಕೇಳಿ ಬಹಳ ಹೊತ್ತು ತಮ್ಮ ಬೂಟಿನ ತುದಿ ನೋಡಿದರು, ಭುಜ ಅಲುಗುತ್ತಿತ್ತು. ಕೊನೆಗೆ, ಆ ಉಪ್ಪಿನಕಾಯಿ ಏನಾದರೂ ಉಳಿದಿದೆಯೇ ಎಂದರು. ಚಪಾತಿಯ ಜತೆ ಅರ್ಧ ಮಿಡಿ ತಿಂದು ಅವರೂ ಕೆಮ್ಮಿದರು. ಅದಕ್ಕೆ ಯಾವ ಹುಂಜವೂ ಉತ್ತರ ಕೊಡಲಿಲ್ಲವೆಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

ಜೇಬಿನಂಗಿ ಈಗ ಇವಳ ಸ್ವತ್ತು. ಹಿತ್ತಲಿನ ಕೈತೋಟಕ್ಕೆ ಅದನ್ನೇ ತೊಟ್ಟು ಹೋಗುತ್ತಾಳೆ. ಬೆಂಡೆ ಬೀಜ ಒಂದರಲ್ಲಿ, ದಾರ ಒಂದರಲ್ಲಿ, ಕತ್ತರಿ ಒಂದರಲ್ಲಿ, ಕಿತ್ತ ಬದನೆಕಾಯಿ ಹಕ್ಕಿಯ ಚೀಲದಲ್ಲಿ. ಯಾವುದನ್ನೂ ಹುಡುಕುವುದು ನಾನು ಕಂಡಿಲ್ಲ. ಪಟ್ಟಿಯನ್ನೂ ಕೇಳಲಿಲ್ಲ. ಗೂಬೆ ಮಾತ್ರ ಇನ್ನೂ ಅದರ ಒಂದು ಜೇಬಿನಲ್ಲೇ ಇದೆ, ಬೇಲಿಯಾಚೆಯ ಬೆಕ್ಕು ಓಡಿಸಲು ಆಗುತ್ತದಂತೆ.

ಮುಂದಿನ ವಸಂತಕ್ಕೆ ನಾನು ಯಾವ ಮತಕ್ಕೂ ಸೇರದವನಾಗಿ ಹೋದೆ. ತೋಟಾ ಪ್ಯಾಂಟಿನ ಬಲಜೇಬಿನಲ್ಲಿ, ಸ್ಲೇಟು ಮತ್ತು ಕಡ್ಡಿ ಅಂಗಿಯ ಜೇಬಿನಲ್ಲಿ ಬೇರೆಬೇರೆಯಾಗಿ ಬಟ್ಟೆ ಸುತ್ತಿ, ದಿಂಬು ಸೊಂಟದ ಪಟ್ಟಿಗೆ, ಕಿತ್ತಳೆ ಬಟ್ಟೆ ಹಿಂಜೇಬಿನಲ್ಲಿ. ಅಷ್ಟೇ. ಕತ್ತಲಲ್ಲಿ ಸದ್ದಿಲ್ಲದೆ ನಡೆದೆ, ಸದ್ದಿಲ್ಲದೆ ಕೂತೆ, ಹೊತ್ತಾದ ಕೂಡಲೇ ತೋಟಾ ಹಾಕಿದೆ. ಕೋವಿ ಮೊಣಕಾಲ ಮೇಲೆ. ಹುಂಜ ಬಂತು. ನನ್ನ ಬೆರಳೂ ಅಲುಗಲಿಲ್ಲ. ಇಪ್ಪತ್ತೈದು ಗಜ, ಎದುರಿಗೆ ಒಂದು ಕಡ್ಡಿಯೂ ಅಡ್ಡವಿಲ್ಲ. ಈಡು ಹಾರಿತು. ಹುಂಜವೂ ಹಾರಿತು, ಪೂರ್ವದ ಗುಡ್ಡದ ಕಡೆಗೆ, ಒಂದು ಗರಿಯನ್ನೂ ಬಿಡದೆ.

"ಏನಾಯಿತು?" ಎಂದರು ಯಜಮಾನರು.

ಕೋವಿ ಅವರದು, ತೋಟಾ ಅವರೇ ಕೊಟ್ಟದ್ದು, ಅವುಗಳ ಸುದ್ದಿ ಎತ್ತುವಂತಿರಲಿಲ್ಲ. ಹೋಗಲಿ, ಜೇಬುಗಳ ಮೇಲೆ ಗೂಬೆ ಕೂರಿಸೋಣವೆಂದರೆ ಜೇಬುಗಳೆಲ್ಲ ಮನೆಯಲ್ಲಿ ಬದನೆ ಗಿಡಕ್ಕೆ ನೀರು ಹಾಯಿಸುತ್ತಿದ್ದವು, ಗೂಬೆಯೂ ಅಲ್ಲೇ ಇತ್ತು.